ಹನ್ನೊಂದು ಸಹಿ

ಬಾಟಲಿ ಸಿಡಿದದ್ದು ಸೋಮವಾರ. ತಪ್ಪು ನಾದಿನಿಯದೇ ಎಂದು ಮಂಗಳವಾರ ಮಧ್ಯಾಹ್ನದ ಹೊತ್ತಿಗೆಲ್ಲ ತೀರ್ಮಾನವಾಗಿತ್ತು. ವಿಚಾರಣೆ ಇಟ್ಟುಕೊಂಡದ್ದು ಗುರುವಾರ. ದೊಡ್ಡವರ ಕೆಲಸವೇ ಹಾಗೆ. ತೀರ್ಪು ಮೊದಲು, ವಿಚಾರಣೆ ಆಮೇಲೆ.

ನಾದಿನಿ ಎಂದರೆ ಅತ್ತಿಗೆಯ ಗಂಡನ ತಂಗಿ. ಅವಳು ದಿನಕ್ಕೆ ನೂರು ಸಲ "ಅತ್ತಿಗೆ, ಅತ್ತಿಗೆ" ಎಂದು ಕೂಗುವುದನ್ನು ಕೇಳಿ ಕೇಳಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ನಾಲ್ಕೂ ಮಹಡಿಗೆ ಇವಳು ಅತ್ತಿಗೆಯೇ ಆಗಿಹೋಗಿದ್ದಳು. ಅವಳಿಗೊಂದು ಹೆಸರಿದೆ ಎಂಬುದು ಯಾರಿಗೂ ನೆನಪಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪ್ರೊಫೆಸರರೂ ಹಾಗೇ ಕರೆಯುತ್ತಿದ್ದರು. "ಅತ್ತಿಗೆ, ಇಲ್ಲಿ ಚೆಲ್ಲಿದೆ, ಒರೆಸು." ಬಾಯಲ್ಲಿ ನೆಂಟಸ್ತನ, ಕೈಗೆ ಒರೆಸುವ ಬಟ್ಟೆ.

ಇಬ್ಬರೂ ಗುತ್ತಿಗೆಯ ಮೇಲೆ ಕಸ ತೆಗೆಯುವವರು. ಕಸ ಎಂದರೆ ಕಾಗದದ ಚೂರು, ಧೂಳು ಅಂದುಕೊಳ್ಳಬೇಡಿ. ಅಲ್ಲಿಯ ಕಸ ಬಾಟಲಿಯಲ್ಲಿರುತ್ತದೆ. ಕಂದು ಬಣ್ಣದ ದಪ್ಪ ಗಾಜಿನ ಬಾಟಲಿ, ಹೊಟ್ಟೆ ತುಂಬಿದರೆ ಕೈಗೂಸಿನಷ್ಟು ತೂಕ. ಪ್ರಯೋಗ ಮಾಡಿ ಉಳಿದದ್ದನ್ನೆಲ್ಲ ಅದರೊಳಗೆ ಸುರಿಯುತ್ತಾರೆ. ಆಸಿಡ್, ಸ್ಪಿರಿಟ್, ಬಣ್ಣ ಬಿಟ್ಟ ನೀರು, ಏನೇನೋ. ಬಾಟಲಿಯ ಮೇಲೆ ಏನಿದೆ ಎಂದು ಬರೆದು ಅಂಟಿಸಬೇಕು, ಯಾವುದರ ಜೊತೆ ಯಾವುದನ್ನು ಸೇರಿಸಬಾರದು ಎಂದು ನೋಡಿಕೊಳ್ಳಬೇಕು. ಗೋಡೆಯ ಮೇಲೆ ಈ ನಿಯಮಗಳ ದೊಡ್ಡ ಹಾಳೆ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ಅದರ ಗಾಜನ್ನು ವಾರಕ್ಕೊಮ್ಮೆ ಒರೆಸುತ್ತಿದ್ದವಳು ನಾದಿನಿ. ಓದಲು ಬಾರದವಳು ಒರೆಸುತ್ತಿದ್ದಳು, ಓದಲು ಬರುವವರು ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು.

ಲೇಬಲ್ ಯಾರೂ ಬರೆಯುತ್ತಿರಲಿಲ್ಲ. ತುಂಬಿದ ಬಾಟಲಿಗಳನ್ನು ಬಾಗಿಲ ಹಿಂದೆ ಸಾಲಾಗಿ ಇಟ್ಟು ಹೋಗುತ್ತಿದ್ದರು. ಅವನ್ನು ಬಕೆಟ್ಟಿನಲ್ಲಿ ಎರಡೆರಡರಂತೆ ಇಟ್ಟುಕೊಂಡು ನಾಲ್ಕು ಮಹಡಿ ಇಳಿಸಬೇಕು. ಲಿಫ್ಟ್ ಇತ್ತು. ವಾಸನೆ ಹಿಡಿಯುತ್ತದೆ ಎಂದು ಅದರಲ್ಲಿ ಬಾಟಲಿ ತರಬಾರದಿತ್ತು, ಬಾಟಲಿ ಹೊರುವವರು ಬರಿಗೈಯಲ್ಲಿದ್ದರೂ ಹತ್ತಬಾರದಿತ್ತು. ಕೆಳಗೆ ಕಟ್ಟಡದ ಹಿಂದೆ ಒಂದು ಶೆಡ್ಡು, ಶೆಡ್ಡಿನ ಪಕ್ಕ ಒಂದು ಗುಂಡಿ. ಇದನ್ನೆಲ್ಲ ಒಯ್ಯಲು ಲೈಸೆನ್ಸ್ ಇರುವ ಗಾಡಿ ಬರಬೇಕು. ವರ್ಷಕ್ಕೊಂದು ಸಲ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಗುಂಡಿಯೇ ಗತಿ. ಆ ಗುಂಡಿಯ ಸುತ್ತ ಹತ್ತು ಹೆಜ್ಜೆ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ.

ಕೈಗೆ ಗ್ಲೌಸು ಇತ್ತೇ? ಇತ್ತು. ವಿಭಾಗದ ಮುಖ್ಯಸ್ಥರ ಬೀರುವಿನಲ್ಲಿ, ಬೀಗದೊಳಗೆ, ಹೊಸದಾಗಿ ಇತ್ತು. ಹೆಂಗಸರು ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಕೈಗೆ ಸುತ್ತಿ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಬೆವರಿಗೆ ಚೀಲ ಜಾರುತ್ತಿತ್ತು, ಬಾಟಲಿ ಜಾರಬಾರದಿತ್ತು. ಹಿರಿಯ ಹೆಂಗಸೊಬ್ಬಳಿಗೆ ಹತ್ತು ಬೆರಳಲ್ಲಿ ಆರಕ್ಕೆ ಉಗುರಿರಲಿಲ್ಲ. ಎಲ್ಲರೂ ಅವಳನ್ನು ಅಜ್ಜಿ ಎನ್ನುತ್ತಿದ್ದರು. ಅವಳಿಗಿನ್ನೂ ಐವತ್ತು ತುಂಬಿರಲಿಲ್ಲ.

ಆ ಅಜ್ಜಿಯೇ ಎಲ್ಲರಿಗೂ ಬಾಟಲಿಯ ಗುಣ ಕಲಿಸಿದವಳು. ಸಿಹಿ ವಾಸನೆಯದು ತಲೆ ತಿರುಗಿಸುತ್ತದೆ, ಮೂಗು ದೂರ ಇಡು. ಹೊಗೆಯಾಡುವುದು ಕಚ್ಚುತ್ತದೆ. ಮುಟ್ಟಿದರೆ ಬೆಚ್ಚಗಿರುವುದು, ಒಳಗೆ ಗುಳ್ಳೆ ಏಳುವುದು ಎಲ್ಲಕ್ಕಿಂತ ಕೆಟ್ಟದ್ದು. ಅದರ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಡು. "ಉಸಿರಾಡೋಕೆ ಬಿಡ್ರೇ. ಉಸಿರು ಕಟ್ಟಿದ್ರೆ ನಾವೂ ಒದೀತೀವಿ, ಅದೂ ಒದೀತದೆ," ಎನ್ನುತ್ತಿದ್ದಳು. ಪುಸ್ತಕದಲ್ಲೂ ಹಾಗೇ ಬರೆದಿದೆಯಂತೆ. ಪುಸ್ತಕ ಓದಿದವರು ಅದನ್ನು ಮರೆತಿದ್ದರು.

ಆ ಸೋಮವಾರ ಹೊರಗಿನಿಂದ ತಪಾಸಣೆಯವರು ಬರುವುದಿತ್ತು. ಬೆಳಿಗ್ಗೆಯೇ ಮುಖ್ಯಸ್ಥರು ಮಹಡಿ ಮಹಡಿ ಸುತ್ತಿದರು. ನಾಲ್ಕನೆಯ ಮಹಡಿಯಲ್ಲಿ ಮೂಗಿಗೆ ಕರ್ಚೀಫು ಹಿಡಿದು ನಿಂತರು.

"ಏನಿದು ಗಬ್ಬು? ಮುಚ್ಚಳ ಎಲ್ಲಾ ಸಡಿಲ ಇದೆ! ಯಾರು ಹೀಗೆ ಮಾಡಿದ್ದು? ಬಿಗಿಯಾಗಿ ತಿರುಗಿಸಿ, ಎಲ್ಲಾನೂ. ಒಂದು ಗಂಟೆ ಒಳಗೆ ಕೆಳಗೆ ಹೋಗಿರಬೇಕು."

ನಾದಿನಿ ಒಂದು ಬಾಟಲಿಯನ್ನು ಮುಟ್ಟಿ ಕೈ ಹಿಂದಕ್ಕೆ ತೆಗೆದಳು. "ಸರ್, ಇದು ಬೆಚ್ಚಗಿದೆ. ಗುಳ್ಳೆ ಏಳ್ತಿದೆ ನೋಡಿ."

"ನಿನಗೆ ಕೆಮಿಸ್ಟ್ರಿ ಗೊತ್ತಾ?"

"ಇಲ್ಲ ಸರ್."

"ನನಗೆ ಗೊತ್ತು. ತಿರುಗಿಸು."

ಆ ಬಾಟಲಿಗೆ ಶನಿವಾರ ಏನು ಬಿದ್ದಿತ್ತೆಂದು ಅತ್ತಿಗೆ ಕಣ್ಣಾರೆ ಕಂಡಿದ್ದಳು. ಪಿಎಚ್‌ಡಿ ಮಾಡುತ್ತಿದ್ದ ಒಬ್ಬ ಮೇಡಂ ಮನೆಗೆ ಹೋಗುವ ಗಡಿಬಿಡಿಯಲ್ಲಿದ್ದಳು. ಸ್ಪಿರಿಟ್ಟಿನ ವಾಸನೆಯ ಬಾಟಲಿಗೇ ಕಿತ್ತಳೆ ಹೊಗೆ ಬರುವ ಆಸಿಡನ್ನು ಸುರಿದು ಕೈ ತೊಳೆದುಕೊಂಡು ಹೋದಳು. ಕೈ ತೊಳೆದುಕೊಳ್ಳುವುದರಲ್ಲಿ ಅಲ್ಲಿ ಎಲ್ಲರದೂ ಎತ್ತಿದ ಕೈ.

ಎರಡನೆಯ ಮಹಡಿಯ ತಿರುವಿನಲ್ಲಿ ನಾದಿನಿ ಹೊತ್ತಿದ್ದ ಆ ಬಾಟಲಿ ಸಿಡಿಯಿತು. ಅತ್ತಿಗೆ ಮೂರು ಮೆಟ್ಟಿಲು ಹಿಂದಿದ್ದಳು. ಮೊದಲು ಸದ್ದು, ಆಮೇಲೆ ಹೊಗೆ, ಆಮೇಲೆ ನಾದಿನಿಯ ಕಿರುಚಾಟ. ಬಲಗೈಯ ಪ್ಲಾಸ್ಟಿಕ್ ಚೀಲ ಕರಗಿ ಚರ್ಮಕ್ಕೇ ಅಂಟಿಕೊಂಡಿತ್ತು. ಮುಖದ ತುಂಬ ಗಾಜು. "ಅತ್ತಿಗೆ, ಕಣ್ಣು! ಅತ್ತಿಗೆ, ಕಣ್ಣು!" ಅತ್ತಿಗೆ ಅವಳನ್ನು ಅವುಚಿಕೊಂಡು ಓಡಿದಳು. ಎರಡನೆಯ ಮಹಡಿಯ ಗೋಡೆಯಲ್ಲಿ ಕಣ್ಣು ತೊಳೆಯುವ ನಲ್ಲಿ ಇತ್ತು, ಹಸಿರು ಹಲಗೆ ಸಮೇತ. ಹಿಡಿಕೆ ಒತ್ತಿದಳು. ಒಂದು ಹನಿ ಬರಲಿಲ್ಲ. ಮತ್ತೆ ಒತ್ತಿದಳು. ಒಳಗಿಂದ ಗಾಳಿಯ ಸದ್ದು ಬಂತು, ಅಷ್ಟೇ. ಅದಕ್ಕೆ ಪೈಪನ್ನೇ ಕೂಡಿಸಿರಲಿಲ್ಲ. ಸಿಬ್ಬಂದಿಯ ಶೌಚಾಲಯಕ್ಕೆ ಬೀಗ. ಕೊನೆಗೆ ನೆಲ ಒರೆಸುವ ಬಟ್ಟೆ ಹಿಂಡುವ ಮೋರಿಯ ನಲ್ಲಿಯ ಕೆಳಗೆ ಅವಳ ಮುಖ ಹಿಡಿದಳು. ಪ್ರಯೋಗಾಲಯಗಳಲ್ಲಿದ್ದವರೆಲ್ಲ ಅಷ್ಟರಲ್ಲಿ ಹೊರಗೆ ಓಡಿ ಮರದ ನೆರಳಲ್ಲಿ ನಿಂತಿದ್ದರು. ಸುರಕ್ಷತೆಯ ನಿಯಮದಲ್ಲಿ ಅದೊಂದು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿತ್ತು.

ಎಡಗಣ್ಣು ಹೋಯಿತು ಎಂದರು ಆಸ್ಪತ್ರೆಯಲ್ಲಿ. ಬಲಗಣ್ಣು ಉಳಿಯಬಹುದು, ಆದರೆ ಬೇಗ ಆಪರೇಷನ್ ಆಗಬೇಕು, ಒಂದೊಂದು ದಿನವೂ ಕೆಟ್ಟದ್ದು. ಖರ್ಚು ಯಾರು ವಹಿಸಿಕೊಳ್ಳುತ್ತೀರಿ? ಕೆಲಸದಲ್ಲಿ ಆದ ಅಪಘಾತ ಎಂದು ವಿಶ್ವವಿದ್ಯಾಲಯ ಒಂದು ಪತ್ರ ಕೊಟ್ಟರೆ ಈಗಲೇ ಮಾಡುತ್ತೇವೆ. ಸ್ವಂತ ತಪ್ಪು ಎಂದಾದರೆ ನಿಮ್ಮ ದಾರಿ ನೀವು ನೋಡಿಕೊಳ್ಳಿ. ಅವಳ ಅಣ್ಣ ಟೈರ್ ಪಂಕ್ಚರ್ ಹಾಕುವವನು. ಅವನು ನೋಡಿಕೊಳ್ಳುವ ದಾರಿ ಯಾವುದಿತ್ತು?

ಮಂಗಳವಾರ ಅತ್ತಿಗೆ ಪತ್ರಕ್ಕಾಗಿ ವಿಭಾಗದ ಬಾಗಿಲು ಕಾಯುತ್ತ ಕೂತಿದ್ದಾಗ ಗುತ್ತಿಗೆದಾರನ ಮೇಸ್ತ್ರಿ ಆಸ್ಪತ್ರೆಗೆ ಹೋಗಿ ಬಂದ. ಅವನಿಗೆ ಶಿಳ್ಳೆ ಎಂದೇ ಹೆಸರು. ಹೆಂಗಸರನ್ನು ಹೆಸರು ಹಿಡಿದು ಕರೆಯುವ ಜಾಯಮಾನವಲ್ಲ ಅವನದು, ಶಿಳ್ಳೆ ಹೊಡೆದು ಕರೆಯುತ್ತಿದ್ದ. ನಾಯಿಯಾದರೂ ಬಾಲ ಅಲ್ಲಾಡಿಸುತ್ತದೆ, ಇವರು ಪೊರಕೆ ಹಿಡಿದುಕೊಂಡು ಓಡಬೇಕಿತ್ತು.

ಸಂಜೆ ಅತ್ತಿಗೆ ಆಸ್ಪತ್ರೆಗೆ ಹೋದಾಗ ನಾದಿನಿಯ ಎರಡೂ ಕಣ್ಣಿಗೆ ಬ್ಯಾಂಡೇಜು, ಬಲಗೈಗೆ ಬ್ಯಾಂಡೇಜು. ಎಡಗೈ ಹೊದಿಕೆಯ ಮೇಲಿತ್ತು. ಹೆಬ್ಬೆರಳು ನೀಲಿಯಾಗಿತ್ತು.

"ಏನೇ ಇದು, ಮಸಿ?"

"ಶಿಳ್ಳೆ ಬಂದಿದ್ದ. ಆಸ್ಪತ್ರೆ ಕಾಗದ, ಹೆಬ್ಬೆಟ್ಟು ಒತ್ತಿದ್ರೆ ಆಪರೇಷನ್ ಬೇಗ ಆಗುತ್ತೆ ಅಂದ. ಅವನೇ ಬೆರಳು ಹಿಡಿದು ಒತ್ತಿಸ್ಕೊಂಡ. ಯಾಕೆ ಅತ್ತಿಗೆ?"

ಅತ್ತಿಗೆ ಸೆರಗಿನ ತುದಿ ಒದ್ದೆ ಮಾಡಿ ಆ ಬೆರಳನ್ನು ಉಜ್ಜಿದಳು. ಮಸಿ ಹೋಗಲಿಲ್ಲ.

ಆ ಕಾಗದದಲ್ಲಿ ಏನಿತ್ತೆಂದು ಬುಧವಾರ ಗೊತ್ತಾಯಿತು. ಮುಖ್ಯಸ್ಥರೇ ಕರೆಸಿದರು. ಕೋಣೆಯಲ್ಲಿ ಕುರ್ಚಿ ಖಾಲಿ ಇದ್ದವು, ಅತ್ತಿಗೆ ನಿಂತೇ ಇದ್ದಳು. ಅವರು ಬಹಳ ಮೆತ್ತಗೆ ಮಾತಾಡಿದರು. ದೊಡ್ಡವರು ಮೆತ್ತಗೆ ಮಾತಾಡಿದರೆ ಎಚ್ಚರವಾಗಬೇಕು.

"ನೋಡು, ನಿನ್ನ ನಾದಿನಿ ತಪ್ಪು ಒಪ್ಕೊಂಡಿದ್ದಾಳೆ. ತಾನೇ ಎರಡು ಬಾಟಲಿ ಒಂದರೊಳಗೆ ಬೆರೆಸಿದೆ, ಬಕೆಟ್ ಹಗುರ ಆಗಲಿ ಅಂತ. ಹೆಬ್ಬೆಟ್ಟು ಇದೆ. ಅವಳಿಗೆ ತರಬೇತಿ ಆಗಿದೆ ಅನ್ನೋದಕ್ಕೂ ದಾಖಲೆ ಇದೆ. ನೋಡು, ಸಹಿ."

ಅವರು ತರಬೇತಿಯ ಪುಸ್ತಕವನ್ನು ಇವಳ ಕಡೆ ತಿರುಗಿಸಿದರು. ಅತ್ತಿಗೆ ನೋಡಿದಳು.

ಆ ಸಹಿ ಅವಳೇ ಹಾಕಿದ್ದು.

ಆರು ತಿಂಗಳ ಹಿಂದಿನ ಮಾತು. ಸಭಾಂಗಣದಲ್ಲಿ ಸುರಕ್ಷತಾ ತರಬೇತಿ. ಕೋಟು ಹಾಕಿದ ಒಬ್ಬಾತ ಇಂಗ್ಲಿಷಿನಲ್ಲಿ ಎರಡು ಗಂಟೆ ಮಾತಾಡಿದ, ಪರದೆಯ ಮೇಲೆ ತಲೆಬುರುಡೆ ತೋರಿಸಿದ. ಹನ್ನೊಂದು ಹೆಂಗಸರು ಬೆಳಿಗ್ಗೆ ಕುರ್ಚಿ ಒರೆಸಿದ್ದರು, ಆಮೇಲೆ ನೀರಿನ ಬಾಟಲಿ ಹಂಚಿದ್ದರು, ಆಮೇಲೆ ಬಾಗಿಲ ಹೊರಗೆ ನಿಂತಿದ್ದರು. ಮುಗಿದ ಮೇಲೆ ಕುರ್ಚಿ ಎತ್ತಬೇಕಿತ್ತು. ಶಿಳ್ಳೆ ಪುಸ್ತಕ ಹಿಡಿದುಕೊಂಡು ಬಂದ. "ಅತ್ತಿಗೆ, ನೀನು ಏಳನೇ ಕ್ಲಾಸು ತಾನೆ? ಎಲ್ಲರದ್ದೂ ಹಾಕಿಬಿಡು. ಅವರು ಕೈ ತೊಳ್ಕೊಂಡು ಬರೋವರೆಗೆ ಯಾರು ಕಾಯ್ತಾರೆ?" ಅತ್ತಿಗೆ ಹಾಕಿದಳು. ಹನ್ನೊಂದನ್ನೂ ಹಾಕಿದಳು. ಸುಮ್ಮನೆ ಗೀಚಲಿಲ್ಲ. ಒಬ್ಬಳದು ದುಂಡಗೆ, ಒಬ್ಬಳದು ವಾರೆ, ಅಜ್ಜಿಯದು ನಡುಗುವ ಹಾಗೆ. ಕಿರಿಯವಳು ಎಂದು ನಾದಿನಿಯ ಹೆಸರಿನ ಕೊನೆಗೆ ಉದ್ದವಾದ ಬಾಲ ಎಳೆದಿದ್ದಳು, ಸ್ಟೈಲಾಗಿ. ಹೆಂಗಸರು ಕುರ್ಚಿ ಹೊತ್ತುಕೊಂಡೇ ಇಣುಕಿ ನಕ್ಕಿದ್ದರು. ಅವಳಿಗೂ ಒಳಗೊಳಗೆ ಜಂಭವಾಗಿತ್ತು. ಅಷ್ಟು ಹೊತ್ತು ಪೆನ್ನು ಹಿಡಿದು ಎಷ್ಟು ವರ್ಷವಾಗಿತ್ತೋ!

ಅತ್ತಿಗೆ ಆ ಉದ್ದ ಬಾಲದ ಮೇಲಿಂದ ಕಣ್ಣು ಎತ್ತಿದಳು.

"ತರಬೇತಿ ಪಡೆದವಳು ಹೀಗೆ ಮಾಡಿದರೆ ಅದು ಸ್ವಂತ ತಪ್ಪು," ಎಂದರು ಮುಖ್ಯಸ್ಥರು. "ಆದರೂ ನಾವೂ ಮನುಷ್ಯರೇ. ನಾಳೆ ವಿಚಾರಣೇಲಿ ನೀನು, ಹೌದು, ಅವಳೇ ಬೆರೆಸಿದ್ದು ನೋಡಿದೆ ಅಂತ ಹೇಳು. ಕನಿಕರದ ಮೇಲೆ ಆಪರೇಷನ್ ನಾವೇ ಮಾಡಿಸ್ತೀವಿ. ನಿನ್ನ ಕೆಲಸವೂ ಇರುತ್ತೆ. ಇಲ್ಲ ಅಂದರೆ ನನ್ನ ಕೈಯಲ್ಲಿ ಏನೂ ಇಲ್ಲ."

ಅವರ ಕೈಯಲ್ಲಿ ಆಗ ಪೆನ್ನಿತ್ತು. ಆ ಪೆನ್ನಿನಿಂದ ಎರಡು ಸಾಲು ಬರೆದಿದ್ದರೆ ಅವಳ ಕಣ್ಣು ಉಳಿಯುತ್ತಿತ್ತು. ಏನೂ ಇಲ್ಲವಂತೆ!

ಅತ್ತಿಗೆ ಹೊರಗೆ ಬಂದಳು. ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಎಲ್ಲವನ್ನೂ ಹೇಳಿದಳು. ಸಹಿಯ ವಿಷಯವನ್ನೂ ಹೇಳಿದಳು. ಅವನು ಟೈರಿನ ಕಪ್ಪು ಮೆತ್ತಿದ ತನ್ನ ಅಂಗೈ ನೋಡಿಕೊಂಡ.

"ಒಪ್ಕೊಂಡುಬಿಡು," ಎಂದ. "ಕಣ್ಣು ಉಳಿಯುತ್ತೆ. ಹೆಸರು ಕಟ್ಕೊಂಡು ಏನು ಮಾಡ್ತೀಯಾ? ಸಹಿ ನಿನ್ನದು ಅಂತ ಹೇಳಿದ್ರೆ ನಿನ್ನನ್ನ ಜೈಲಿಗೆ ಹಾಕ್ತಾರೆ. ತಂಗಿಗೆ ಕಣ್ಣಿಲ್ಲ, ಹೆಂಡತಿ ಜೈಲಲ್ಲಿ. ನಾನೇನು ಮಾಡ್ಲಿ?"

ಅವನನ್ನು ಬೈಯಲು ಅವಳಿಗೆ ಬಾಯಿ ಬರಲಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆದರಿದವರ ಮಾತಿನಲ್ಲಿ ಸುಳ್ಳು ಇರುವುದೇ ಕಡಿಮೆ.

ಒಳಗೆ ಹೋಗಿ ನಾದಿನಿಯ ಹಾಸಿಗೆಯ ಅಂಚಿನಲ್ಲಿ ಕೂತಳು. ಮುಚ್ಚಿಡಬೇಕೆಂದೇ ಬಂದವಳು, ಆ ನೀಲಿ ಹೆಬ್ಬೆರಳು ನೋಡಿದ ಕೂಡಲೇ ಎಲ್ಲವನ್ನೂ ಕಕ್ಕಿಬಿಟ್ಟಳು. ಮೊದಲು ಹೆಬ್ಬೆಟ್ಟಿನ ಕಾಗದ. ಆಮೇಲೆ ಪುಸ್ತಕ. ಆಮೇಲೆ ಮುಖ್ಯಸ್ಥರ ಕನಿಕರ.

ನಾದಿನಿ ಅಳಲಿಲ್ಲ. ಅಳಬಾರದೆಂದು ಡಾಕ್ಟರು ಹೇಳಿದ್ದರು.

"ನಾನೇ ಬೆರೆಸಿದೆ ಅಂತ ಬರ್ದಿರೋದು ಹಾಗೇ ಇರುತ್ತಾ?"

"ಇರುತ್ತೆ."

"ಯಾವಾಗ್ಲೂ?"

"ಹೂಂ."

"ಮುಚ್ಚಳ ಬಿಗಿ ಮಾಡು ಅಂದಿದ್ದು ಅವನು. ಬೆಚ್ಚಗಿದೆ ಅಂತ ನಾನು ಹೇಳ್ದೆ. ಕೈ ಮುಟ್ಟಿ ಹೇಳ್ದೆ. ನಿನಗೆ ಕೆಮಿಸ್ಟ್ರಿ ಗೊತ್ತಾ ಅಂದ." ಅವಳ ಉಸಿರು ಜೋರಾಯಿತು. "ಮತ್ತೆ ನೀನು ಯಾಕೆ ನನ್ನ ಸಹಿ ಹಾಕ್ದೆ? ನನ್ನ ಕೇಳಿದ್ಯಾ?"

"ತಪ್ಪಾಯ್ತು ಕಣೇ."

"ನನ್ನ ಕೇಳಿದ್ಯಾ ಅಂದೆ."

"ಇಲ್ಲ."

"ಶಿಳ್ಳೆ ನನ್ನ ಬೆರಳು ಹಿಡಿದು ಒತ್ತಿಸ್ಕೊಂಡ. ನೀನು ಬೆರಳೂ ಹಿಡೀದೆ ಹಾಕ್ದೆ. ಏನು ವ್ಯತ್ಯಾಸ?"

ಅತ್ತಿಗೆಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮದುವೆಯಾಗಿ ಬಂದಾಗ ಈ ಹುಡುಗಿಗೆ ಎಂಟು ವರ್ಷ. ತಲೆ ಬಾಚಿ ಜಡೆ ಹಾಕಿದವಳು ಇವಳೇ, ಕೈ ಹಿಡಿದು ಈ ಕೆಲಸಕ್ಕೆ ಕರೆತಂದವಳೂ ಇವಳೇ.

"ಹೋಗು," ಎಂದಳು ನಾದಿನಿ. "ನೀನು ಹಾಕಿದ್ದನ್ನ ನೀನೇ ಹೊಡೆದು ಹಾಕಿ ಬಾ. ಅವರ ಕನಿಕರ ನನಗೆ ಬೇಡ."

"ಕಣ್ಣು ಕಣೇ..."

"ಕಣ್ಣು ನಂದು ತಾನೆ? ಇದನ್ನಾದ್ರೂ ನನ್ನ ಕೇಳಿ ಮಾಡು."

ಗುರುವಾರ ಹತ್ತೂವರೆಗೆ ವಿಚಾರಣೆ. ಉದ್ದನೆಯ ಮೇಜು, ಅದರ ಆಚೆ ಮೂವರು. ನಡುವೆ ಅಧ್ಯಕ್ಷರು, ಬೇರೆ ವಿಭಾಗದ ಹಿರಿಯ ಪ್ರೊಫೆಸರು. ಅವರ ಬಲಕ್ಕೆ ಮುಖ್ಯಸ್ಥರು. ಯಾರ ಮೇಲೆ ವಿಚಾರಣೆ ಆಗಬೇಕಿತ್ತೋ ಅವರೇ ವಿಚಾರಣೆ ಮಾಡಲು ಕೂತಿದ್ದರು. ಎಡಕ್ಕೆ ಸುರಕ್ಷತಾಧಿಕಾರಿ. ಗೋಡೆಯ ಬದಿಯ ಕುರ್ಚಿಯಲ್ಲಿ ಆ ಪಿಎಚ್‌ಡಿ ಮೇಡಂ. ಬಾಗಿಲಲ್ಲಿ ಶಿಳ್ಳೆ, ಅವನ ಹಿಂದೆ ಉಳಿದ ಹೆಂಗಸರು.

"ನೀನು ನೋಡಿದ್ದನ್ನು ಹೇಳು," ಎಂದರು ಅಧ್ಯಕ್ಷರು. ಮುಖ್ಯಸ್ಥರು ಇವಳ ಕಡೆ ನೋಡಿ ತಲೆ ಆಡಿಸಿದರು, ಪಾಠ ಒಪ್ಪಿಸುವ ಮಗುವಿಗೆ ಧೈರ್ಯ ಕೊಡುವವರ ಹಾಗೆ.

"ಶನಿವಾರ ಆ ಮೇಡಂ ಸ್ಪಿರಿಟ್ ಬಾಟಲಿಗೆ ಹೊಗೆ ಬರೋ ಆಸಿಡ್ ಸುರಿದ್ರು. ಸೋಮವಾರ ಈ ಸಾರ್ ಮುಚ್ಚಳ ಬಿಗಿ ಮಾಡಿಸಿದ್ರು. ನಾದಿನಿ ಬೆಚ್ಚಗಿದೆ ಅಂತ ಹೇಳಿದ್ಳು. ಅದಕ್ಕೆ ಬೈದ್ರು. ಎರಡನೇ ಮಹಡೀಲಿ ಸಿಡೀತು. ಕಣ್ಣು ತೊಳೆಯೋ ನಲ್ಲೀಲಿ ನೀರಿರಲಿಲ್ಲ. ನಾನು ನೋಡಿದ್ದು ಇಷ್ಟು."

ಮುಖ್ಯಸ್ಥರ ಮುಖ ಕಪ್ಪಿಟ್ಟಿತು. ಅಧ್ಯಕ್ಷರು ಮೇಡಂ ಕಡೆ ತಿರುಗಿದರು. "ಹೌದೇನಮ್ಮಾ?"

ಮೇಡಂ ತನ್ನ ಉಗುರು ನೋಡಿಕೊಂಡಳು. ನಾದಿನಿ ಇವಳಿಗೆಂದೇ ದಿನಾ ಕಿಟಕಿಯ ಪಕ್ಕದ ಮೇಜನ್ನು ಎರಡು ಸಲ ಒರೆಸುತ್ತಿದ್ದಳು, ಒಳ್ಳೆಯವಳು ಎಂದು. "ನನಗೆ ನೆನಪಿಲ್ಲ ಸರ್," ಎಂದಳು ಒಳ್ಳೆಯವಳು.

"ಇವಳ ಮಾತು ಹೇಗೆ ನಂಬೋದು?" ಎಂದರು ಮುಖ್ಯಸ್ಥರು. "ತಪ್ಪೊಪ್ಪಿಗೆ ಇದೆ. ತರಬೇತಿ ದಾಖಲೆ ಇದೆ."

"ಎರಡೂ ಅಕ್ಕಪಕ್ಕ ಇಡಿ ಸರ್," ಎಂದಳು ಅತ್ತಿಗೆ.

ಇಟ್ಟರು. ಒಂದು ಕಡೆ ನೀಲಿ ಹೆಬ್ಬೆಟ್ಟು. ಇನ್ನೊಂದು ಕಡೆ ಬಾಲ ಎಳೆದ ಸಹಿ.

"ಸಹಿ ಹಾಕೋಕೆ ಬರೋಳು ಹೆಬ್ಬೆಟ್ಟು ಯಾಕೆ ಒತ್ತಿದ್ಳು?" ಎಂದು ಅತ್ತಿಗೆಯೇ ಕೇಳಿದಳು.

"ಬಲಗೈ ಸುಟ್ಟಿತ್ತಲ್ಲ," ಎಂದ ಶಿಳ್ಳೆ ಬಾಗಿಲಿಂದ, ತಟ್ಟನೆ.

"ಸುಡೋಕೆ ಮುಂಚೆ? ನಿನ್ನ ಹಾಜರಿ ಪುಸ್ತಕದಲ್ಲಿ ಐದು ವರ್ಷದಿಂದ ಅವಳದ್ದು ಏನಿದೆ, ಸಹಿನಾ ಹೆಬ್ಬೆಟ್ಟಾ? ತೆಗೆದು ತೋರಿಸು."

ಶಿಳ್ಳೆಯ ಬಾಯಿಂದ ಗಾಳಿ ಕೂಡ ಹೊರಡಲಿಲ್ಲ.

"ಅವಳಿಗೆ ಅಕ್ಷರ ಬರಲ್ಲ ಸರ್. ಆ ಸಹಿ ನಾನು ಹಾಕಿದ್ದು. ಅದೊಂದೇ ಅಲ್ಲ, ಹನ್ನೊಂದೂ ನಾನೇ ಹಾಕಿದ್ದು. ನಮಗ್ಯಾರಿಗೂ ಯಾರೂ ಏನೂ ಹೇಳಿಕೊಟ್ಟಿಲ್ಲ. ನಾವು ಕುರ್ಚಿ ಎತ್ತಿದ್ದೀವಿ."

ಸುರಕ್ಷತಾಧಿಕಾರಿ ಪುಸ್ತಕವನ್ನು ಎಳೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದ. "ಸಾಧ್ಯವೇ ಇಲ್ಲ. ಹನ್ನೊಂದೂ ಬೇರೆ ಬೇರೆ ಕೈಬರಹ."

ಅತ್ತಿಗೆ ಮೇಜಿನ ಹತ್ತಿರ ಹೋದಳು. ಕೇಳದೆ ಒಂದು ಖಾಲಿ ಹಾಳೆ ಎಳೆದುಕೊಂಡಳು, ಕೇಳದೆ ಅಧ್ಯಕ್ಷರ ಮುಂದಿದ್ದ ಪೆನ್ನು ತೆಗೆದುಕೊಂಡಳು. ದುಂಡಗಿನದು ಬರೆದಳು. ವಾರೆಯಾದದ್ದು ಬರೆದಳು. ಅಜ್ಜಿಯದನ್ನು ನಡುಗಿಸಿ ಬರೆದಳು. ಕೊನೆಗೆ ನಾದಿನಿಯದು, ಬಾಲ ಸಮೇತ. ಹಾಳೆಯನ್ನು ಪುಸ್ತಕದ ಪಕ್ಕಕ್ಕೆ ತಳ್ಳಿದಳು.

"ಇದು ಫೋರ್ಜರಿ!" ಮುಖ್ಯಸ್ಥರು ಎದ್ದು ನಿಂತರು. ಅವರ ಮೆತ್ತಗಿನ ದನಿ ಎಲ್ಲೋ ಹಾರಿಹೋಗಿತ್ತು. "ಕಳ್ಳ ಸಹಿ! ಇದಕ್ಕೆ ಏನು ಶಿಕ್ಷೆ ಗೊತ್ತಾ ನಿನಗೆ?"

"ಗೊತ್ತಿಲ್ಲ ಸರ್. ಕೆಮಿಸ್ಟ್ರಿನೂ ಗೊತ್ತಿಲ್ಲ. ಕಳ್ಳ ಸಹಿ ಹಾಕು ಅಂದೋನು ಬಾಗಿಲಲ್ಲಿ ನಿಂತಿದ್ದಾನೆ, ಅದು ಗೊತ್ತು. ಆ ಕಳ್ಳ ಸಹಿ ತೋರಿಸಿ ಎಲ್ಲರಿಗೂ ತರಬೇತಿ ಆಗಿದೆ ಅಂತ ಸರ್ಟಿಫಿಕೇಟ್ ತಗೊಂಡೋರು ಇಲ್ಲಿ ಕೂತಿದ್ದಾರೆ, ಅದೂ ಗೊತ್ತು."

ಅಧ್ಯಕ್ಷರು ಉಳಿದ ಹೆಂಗಸರನ್ನು ಒಳಗೆ ಕರೆದು ಕೇಳಿದರು. ಈ ಸಹಿ ನಿಮ್ಮದೇ? ಅಜ್ಜಿ ಮುಂದೆ ಬಂದು ಉಗುರಿಲ್ಲದ ಬೆರಳುಗಳನ್ನು ಮೇಜಿನ ಮೇಲೆ ಇಟ್ಟಳು. "ಈ ಕೈಲಿ ಪೆನ್ನು ನಿಲ್ಲುತ್ತಾ ಸಾರ್?" ಎಂದಳು. ಇನ್ನಿಬ್ಬರು ತಮ್ಮದಲ್ಲ ಎಂದರು. ಮಿಕ್ಕವರು ಶಿಳ್ಳೆಯ ಮುಖ ನೋಡಿದರು, ನೆಲ ನೋಡಿದರು, ತಮ್ಮದೇ ಎಂದರು. ಅವರನ್ನು ಬೈಯಬೇಡಿ. ಮನೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ನೀವು ಏನು ಹೇಳುತ್ತಿದ್ದಿರೋ ಅದನ್ನೇ ಅವರೂ ಹೇಳಿದರು.

ಅಷ್ಟರಲ್ಲಿ ಅತ್ತಿಗೆ ತರಬೇತಿಯ ಪುಸ್ತಕದ ಮೇಲೆ ಬಾಗಿದ್ದಳು. ನಾದಿನಿಯ ಸಹಿಯ ಮೇಲೆ ಒಂದು ಗೆರೆ ಎಳೆದಳು. ಅಡ್ಡಗೆರೆ, ಕೆಳಗಿನದು ಕಾಣುವ ಹಾಗೆ. ಆಮೇಲೆ ಅದರ ಮೇಲಿನದಕ್ಕೆ. ಆಮೇಲೆ ಅದರ ಮೇಲಿನದಕ್ಕೆ. "ಏ! ಅದು ದಾಖಲೆ! ಹಿಡೀರಿ ಅವಳನ್ನ!" ಎಂದು ಸುರಕ್ಷತಾಧಿಕಾರಿ ಕೂಗಿದ. ಶಿಳ್ಳೆ ಬಂದು ತೋಳು ಹಿಡಿದು ಎಳೆದ. ಅವಳು ಮೇಜಿನ ಕಾಲಿಗೆ ತನ್ನ ಕಾಲು ಸಿಕ್ಕಿಸಿಕೊಂಡು ನಿಂತಳು. ದಿನಾ ನಾಲ್ಕು ಮಹಡಿ ಬಾಟಲಿ ಇಳಿಸಿದ ಕಾಲು ಅದು, ಅವನ ಎಳೆತಕ್ಕೆ ಜಗ್ಗಲಿಲ್ಲ. ಹನ್ನೊಂದನೆಯ ಗೆರೆ ಎಳೆದು ಮುಗಿಸಿ ಪೆನ್ನನ್ನು ಅಧ್ಯಕ್ಷರ ಮುಂದೆ ಇಟ್ಟಳು.

"ಈಗ ಎಳಿ," ಎಂದಳು ಶಿಳ್ಳೆಗೆ.

ಅವತ್ತೇ ಅವಳನ್ನು ಕೆಲಸದಿಂದ ಕಿತ್ತುಹಾಕಿದರು. ಆದರೆ ಮುಂದೂಡಿದ್ದ ತಪಾಸಣೆ ಮುಂದಿನ ವಾರ ಇತ್ತು. ಗೀಟು ಹೊಡೆದ ಪುಸ್ತಕವೂ ಆಸ್ಪತ್ರೆಯಲ್ಲಿ ಬಿದ್ದಿರುವ ಹೆಂಗಸೂ ಒಟ್ಟಿಗೆ ಕಣ್ಣಿಗೆ ಬೀಳಬಾರದಿತ್ತು. ಅದಕ್ಕೇ ಶನಿವಾರ ಆಸ್ಪತ್ರೆಗೆ ಪತ್ರ ಬಂತು. ಕನಿಕರವಲ್ಲ, ಭಯ. ಆಪರೇಷನ್ ಆಯಿತು. "ಮಂಗಳವಾರವೇ ಮಾಡಿದ್ದರೆ ಮುಖ ಗುರುತು ಹಿಡಿಯುವಷ್ಟು ಕಾಣುತ್ತಿತ್ತು," ಎಂದರು ಡಾಕ್ಟರು. ಈಗ ಬೆಳಕು ಕಾಣುತ್ತದೆ. ಮನುಷ್ಯರು ಬಂದರೆ ಕಪ್ಪಾಗಿ ಏನೋ ಬಂತು ಎಂದು ಕಾಣುತ್ತದೆ. ಅಷ್ಟೇ. ನಾಲ್ಕು ದಿನಕ್ಕೆ ಒಂದು ಕಣ್ಣನ್ನು ಹೀಗೆ ತಿಂದು ಹಾಕಿದರು, ಅವರ ಮನೆ ಹಾಳಾಗ!

ಮೂರು ವಾರ ಕಳೆದ ಮೇಲೆ ಪೊಲೀಸು ಠಾಣೆಯಿಂದ ಕರೆ ಬಂತು. ಕಳ್ಳ ಸಹಿ ಹಾಕಿದ್ದಾಳೆಂದು ವಿಶ್ವವಿದ್ಯಾಲಯ ಅತ್ತಿಗೆಯ ಮೇಲೆ ದೂರು ಕೊಟ್ಟಿತ್ತು. ಯಾರ ಹೆಸರಿನಲ್ಲಿ ಸಹಿ ಹಾಕಿದ್ದಾಳೋ ಅವಳ ಹೇಳಿಕೆಯೂ ಬೇಕಂತೆ. ಇಬ್ಬರೂ ಹೋದರು. ನಾದಿನಿ ಅತ್ತಿಗೆಯ ಭುಜ ಹಿಡಿದುಕೊಂಡಿದ್ದಳು. ಆಸ್ಪತ್ರೆಯ ಆ ಮಾತಿನ ನಂತರ ಅವರಿಬ್ಬರ ನಡುವೆ ಬೇಕಾದಷ್ಟು ಮಾತು ಮಾತ್ರ ಇತ್ತು. ಮೆಟ್ಟಿಲಿದೆ. ಕುರ್ಚಿ ಇದೆ. ಕೂತ್ಕೋ.

ಠಾಣೆಯ ಅಧಿಕಾರಿ ಒಳ್ಳೆಯ ಮಾತಿನವನೇ. ಕುರ್ಚಿ ಕೊಡಿಸಿದ.

"ನೋಡಮ್ಮಾ, ನಿನ್ನನ್ನ ಕೇಳದೆ ಈಕೆ ನಿನ್ನ ಹೆಸರಿನ ಸಹಿ ಹಾಕಿದ್ದಾಳೆ. ಅದರಿಂದ ನಿನಗೆ ಅನ್ಯಾಯ ಆಗಿದೆ. ಹೌದಾ?"

"ಹೌದು," ಎಂದಳು ನಾದಿನಿ.

ಅತ್ತಿಗೆ ತಲೆ ತಗ್ಗಿಸಿದಳು.

"ದೂರು ಕೊಡ್ತೀಯಾ?"

"ಕೊಡ್ತೀನಿ. ಬರ್ಕೊಳ್ಳಿ."

ಅವನು ಹಾಳೆ ಸರಿಮಾಡಿಕೊಂಡು ಪೆನ್ನು ತೆಗೆದ. ನಾದಿನಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಬಲಗೈಯ ಬೆರಳುಗಳು ಇನ್ನು ಬಿಚ್ಚಿಕೊಳ್ಳುವ ಹಾಗಿರಲಿಲ್ಲ, ಅವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಶನಿವಾರ ಒಬ್ಬ ಮೇಡಂ ಸ್ಪಿರಿಟ್ ಬಾಟಲಿಗೆ ಆಸಿಡ್ ಸುರಿದ್ರು. ಲೇಬಲ್ ಹಾಕಲಿಲ್ಲ. ಸೋಮವಾರ ಮುಖ್ಯಸ್ಥರು ಮುಚ್ಚಳ ಬಿಗಿ ಮಾಡು ಅಂದ್ರು. ಗ್ಲೌಸು ಅವರ ಬೀರುವಿನಲ್ಲಿತ್ತು..."

"ಏಯ್, ತಡಿ ತಡಿ. ಅದಲ್ಲಮ್ಮಾ. ಅದು ಬೇರೆ ಕೇಸು. ಸಹಿ ವಿಷಯ ಮಾತ್ರ ಹೇಳು."

"ಸಹಿ ವಿಷಯನೇ ಹೇಳ್ತಿದ್ದೀನಿ. ನನ್ನ ಹೆಸರಲ್ಲಿ ಯಾರ್ಯಾರು ಏನೇನು ಮಾಡಿದ್ರು ಅಂತ ಕೇಳಿದ್ರಲ್ಲ. ಮೊದಲು ಬಾಟಲಿ. ಆಮೇಲೆ ನೀರಿಲ್ಲದ ನಲ್ಲಿ. ಆಮೇಲೆ ಆಸ್ಪತ್ರೇಲಿ ಹೆಬ್ಬೆಟ್ಟು. ನಾಲ್ಕು ದಿನ ಪತ್ರ ಕೊಡದೆ ಕೂತಿದ್ದು. ಅತ್ತಿಗೆ ಹಾಕಿದ ಸಹಿ ಕೊನೇಲಿ ಬರುತ್ತೆ. ಅದನ್ನೂ ಬಿಡಲ್ಲ ನಾನು. ಆದ್ರೆ ಸರದಿ ಪ್ರಕಾರ ಬರ್ಕೊಳ್ಳಿ."

ಅಧಿಕಾರಿ ಅತ್ತಿಗೆಯ ಮುಖ ನೋಡಿದ. ಅವನು ಬಾಗಿಲ ಕಡೆ ನೋಡಿದ, ಗಡಿಯಾರ ನೋಡಿದ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲೆ ಸದ್ದಿಲ್ಲದೆ ಇಟ್ಟು, "ಹೂಂ, ಹೇಳಮ್ಮಾ, ಹೇಳು, ಬರ್ಕೊಳ್ತಿದ್ದೀನಿ," ಎಂದ.

ನಾದಿನಿ ಮುಖವನ್ನು ಅವನ ಕಡೆ ತಿರುಗಿಸಿದಳು.

"ಪೆನ್ನಿನ ಸದ್ದು ಕೇಳಿಸ್ತಿಲ್ಲವಲ್ಲ, ಸಾಹೇಬ್ರೇ."